ಏಳನೇ ಹಾಸಿಗೆಯ ಪರದೆ

ಕಂತು ಆರು

ಕೊಳೆ ಬಟ್ಟೆಯ ಚೀಲದಿಂದ ಒಗೆದ ಪರದೆಯೊಂದು ಹೊರಬಂತು.

ಸೋಪಕ್ಕ ಅದನ್ನು ಮೂಗಿಗೆ ಹಿಡಿದಳು. ಬ್ಲೀಚಿನ ಘಾಟು ನೆತ್ತಿಗೇರಿತು. ಇಪ್ಪತ್ತೆಂಟು ವರ್ಷದಿಂದ ಆಸ್ಪತ್ರೆಯ ಲಾಂಡ್ರಿ ನೋಡಿಕೊಂಡವಳು ಅವಳು. ಬಟ್ಟೆ ಮೂಸಿ, ಇದು ಹೆರಿಗೆ ವಾರ್ಡು, ಇದು ಮೂಳೆ ವಾರ್ಡು ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅವಳ ಲಾಂಡ್ರಿಯಲ್ಲಿ ಹಾಸಿಗೆ ಪರದೆಗೆ ಬ್ಲೀಚ್ ಮುಟ್ಟಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಯಾರಪ್ಪಾ ಆ ಪುಣ್ಯಾತ್ಮ, ನಮಗಿಂತ ಮೊದಲೇ ನಮ್ಮ ಕೆಲಸ ಮಾಡಿದೋನು?" ಇಸ್ತ್ರಿ ಮಾಮ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದ. "ಅವನ್ನ ಹುಡುಕಿ ಇಲ್ಲೇ ಕೆಲಸಕ್ಕೆ ಹಾಕ್ಕೊಳ್ಳೋಣ. ನನಗೂ ಸೊಂಟ ಬಿದ್ದುಹೋಗಿದೆ."

"ಚೀಲದ ಚೀಟಿ ಓದು."

ಇಸ್ತ್ರಿ ಮಾಮ ಓದಿದ. ಅವನ ನಗು ಅಲ್ಲೇ ನಿಂತಿತು. "ಶಸ್ತ್ರಚಿಕಿತ್ಸೆ ವಾರ್ಡು. ಏಳನೇ ಹಾಸಿಗೆ."

ಏಳನೇ ಹಾಸಿಗೆಯಲ್ಲಿ ಸೋಮವಾರ ಗಡಿಯಾರ ರಿಪೇರಿಯ ತಾತ ಸತ್ತಿದ್ದ. ಗಾಯ ಕೆಟ್ಟು, ಜ್ವರ ಏರಿ, ಎರಡು ಗಂಟೆ ಒದ್ದಾಡಿ ಸತ್ತಿದ್ದ. ಡ್ಯೂಟಿಯಲ್ಲಿದ್ದ ನರ್ಸು ಡಾಕ್ಟರಿಗೆ ತಿಳಿಸಲೇ ಇಲ್ಲ ಅನ್ನುವುದು ಆರೋಪ. 'ಹೌದು, ಮರೆತೆ' ಅಂತ ಆ ನರ್ಸು ತಾನೇ ಬರೆದುಕೊಟ್ಟು ಸಹಿ ಹಾಕಿದ್ದಳು. ಇವತ್ತು ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಆಮೇಲೆ ಅವಳು ಜೀವಮಾನದಲ್ಲಿ ಇನ್ನೆಂದೂ ನರ್ಸಿನ ಬಟ್ಟೆ ತೊಡುವ ಹಾಗಿಲ್ಲ.

ಆ ನರ್ಸು ಸೋಪಕ್ಕನ ಮಗಳು. ಒಬ್ಬಳೇ ಮಗಳು.

ರೋಗಿ ಸತ್ತ ಹಾಸಿಗೆಯ ಪರದೆ ಕೆಂಪು ಚೀಲದಲ್ಲಿ ಬರಬೇಕು, ಕೆಂಪು ಚೀಲಗಳನ್ನು ಗುರುವಾರವೇ ಬಿಚ್ಚಬೇಕು. ಅದು ಸೋಪಕ್ಕ ಮಾಡಿದ ಕಾನೂನು. ಮೂರು ದಿನದಿಂದ ಈ ಚೀಲದ ಪಕ್ಕದಲ್ಲೇ ಓಡಾಡಿದ್ದಳು.

ಪರದೆಯನ್ನು ಉದ್ದದ ಮೇಜಿನ ಮೇಲೆ ಹರಡಿ ಟ್ಯೂಬ್‌ಲೈಟ್ ಹಾಕಿದಳು. ಒದ್ದೆಯಲ್ಲೇ ತುರುಕಿದ್ದರಿಂದ ಮುಗ್ಗಲು ಹಿಡಿದಿತ್ತು. ತಿಳಿನೀಲಿ ಬಣ್ಣ ಅಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಅದರ ನಡುವೆ, ಅಂಚಿನ ಹತ್ತಿರ, ಕಂದು ಬಣ್ಣದ ಕಲೆ.

ನಾಲ್ಕು ಬೆರಳು. ಒಂದು ಹೆಬ್ಬೆರಳು. ಅರ್ಧ ಅಂಗೈ.

"ರಕ್ತನಾ?" ಇಸ್ತ್ರಿ ಮಾಮ ಪಿಸುಗುಟ್ಟಿದ.

"ಬ್ಲೀಚಿಗೆ ರಕ್ತ ನಿಲ್ಲುತ್ತಾ? ಅಷ್ಟು ವರ್ಷ ಇಸ್ತ್ರಿ ಉಜ್ಜಿದ್ದು ದಂಡ." ಸೋಪಕ್ಕ ಕಲೆಯ ಮೇಲೆ ಉಗುರಾಡಿಸಿದಳು. "ಇದು ಥಿಯೇಟರಿನ ಔಷಧಿ. ಆಪರೇಷನ್‌ಗೆ ಮುಂಚೆ ಮೊಣಕೈವರೆಗೆ ಉಜ್ಜಿ ತೊಳೀತಾರಲ್ಲ, ಗುಲಾಬಿ ಬಣ್ಣದ್ದು."

ಆ ಔಷಧಿ ಬಟ್ಟೆಗೆ ಹತ್ತಿದರೆ ಕಣ್ಣಿಗೆ ಕಾಣುವುದಿಲ್ಲ. ಸಾದಾ ಸೋಪಿನಲ್ಲಿ ಒಗೆದರೆ ಸದ್ದಿಲ್ಲದೆ ಹೋಗುತ್ತದೆ. ಬ್ಲೀಚ್ ಹಾಕಿದಿರೋ, ಕಂದು ಬಣ್ಣಕ್ಕೆ ತಿರುಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಬಟ್ಟೆ ಹರಿದರೂ ಕಲೆ ಬಿಡುವುದಿಲ್ಲ. ಅದಕ್ಕೇ ಥಿಯೇಟರಿನ ಬಟ್ಟೆಗಳಿಗೆ ಬೇರೆ ಯಂತ್ರ, ಬೇರೆ ಪುಡಿ. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು.

ಪರದೆಯನ್ನು ಎತ್ತಿ, ಕೊಕ್ಕೆಗಳನ್ನು ಗೋಡೆಯ ಸರಳಿಗೆ ಸಿಕ್ಕಿಸಿದಳು. ನರ್ಸುಗಳು ಹಿಡಿದೆಳೆದೂ ಎಳೆದೂ ಅಂಚು ಒಂದು ಎತ್ತರದಲ್ಲಿ ಸವೆದು ನುಣುಪಾಗಿತ್ತು. ಕೈಗುರುತು ಅದಕ್ಕಿಂತ ಒಂದೂವರೆ ಗೇಣು ಮೇಲಿತ್ತು.

"ಸೋಮವಾರ ಥಿಯೇಟರಿನಲ್ಲಿ ಯಾರಿದ್ದದ್ದು?"

"ಏಣಿ ಡಾಕ್ಟರು. ಬೆಳಗ್ಗೆಯಿಂದ ಅವರೊಬ್ಬರೇ," ಅಂದ ಇಸ್ತ್ರಿ ಮಾಮ. ಹೇಳಿ ಮುಗಿಸುವಷ್ಟರಲ್ಲಿ ಅವನ ತಲೆ ತಾನಾಗಿ ಮೇಲೆದ್ದು ಕೈಗುರುತಿನ ಮೇಲೆ ನಿಂತಿತು. ಆ ಸರ್ಜನ್ನರು ಬಾಗಿಲಿನ ಚೌಕಟ್ಟಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ.

ನನ್ನನ್ನು ಯಾರೂ ಕರೆಯಲಿಲ್ಲ, ನಾನು ವಾರ್ಡಿಗೆ ಹೋಗಲೇ ಇಲ್ಲ ಅಂತ ಏಣಿ ಡಾಕ್ಟರು ಹೇಳಿಕೆ ಕೊಟ್ಟಿದ್ದರು. ಅವರ ಕೈ ಇಲ್ಲಿ ಬೇರೆಯೇ ಹೇಳುತ್ತಿತ್ತು. ಕೈ ತೊಳೆದು ನಿಂತಿದ್ದವರಿಗೆ ಕರೆ ಬಂದಿತ್ತು, ಹಸಿ ಕೈಯಲ್ಲೇ ಓಡಿಬಂದು ಪರದೆ ಸರಿಸಿದ್ದರು. ಅಂದರೆ ಮಗಳು ತಿಳಿಸಿದ್ದಳು.

"ಗೆದ್ದೆ ಬಿಡು, ಅಕ್ಕಾ!" ಇಸ್ತ್ರಿ ಮಾಮ ಮೇಜು ಗುದ್ದಿದ. "ಇದನ್ನ ತಗೊಂಡು ಹೋಗಿ ಕಮಿಟಿ ಮುಂದೆ ಹರಡು."

"ಒಗೆದೋರು ಯಾರು ಅಂತ ಕೇಳ್ತಾರೆ ಮಾಮ. ಮೊದಲು ಅದು ಗೊತ್ತಾಗಲಿ."

*

ಗುಟ್ಟಾಗಿ ಬಟ್ಟೆ ಒಗೆಯಲು ಮೂರು ಬೇಕು: ನೀರು, ಬಕೆಟ್ಟು, ಚಿಲಕವಿರುವ ಬಾಗಿಲು. ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಇವು ಮೂರೂ ಇದ್ದದ್ದು ರೋಗಿಗಳ ಬಚ್ಚಲಿನಲ್ಲಿ.

ಅಲ್ಲಿ ಶವರಿನ ಮುಂದೆ ಒಂದು ಪ್ಲಾಸ್ಟಿಕ್ ಪರದೆ ಇತ್ತು. ಅದರ ವಿಷಯದಲ್ಲಿ ಸೋಪಕ್ಕ ಎರಡು ತಿಂಗಳಿಂದ ಆಯಾಳ ಜೊತೆ ಜಗಳ ಕಾಯುತ್ತಿದ್ದಳು. ಸ್ನಾನ ಆದಮೇಲೆ ಮುದುರಿ ಬಿಡಬೇಡ, ಪೂರ್ತಿ ಹರಡಿ ಬಿಡು, ನೀರಿಳಿದು ಒಣಗಲಿ. ವಾರಕ್ಕೊಂದು ಸಲ ಸೋಡಾ ಹಾಕಿ ಉಜ್ಜು. ಆಯಾ ಕೇಳಿದರೆ ತಾನೆ! ಪರದೆಯ ಕೆಳಗಂಚಿನ ಉದ್ದಕ್ಕೂ ಬೂಷ್ಟು ಕಪ್ಪಗೆ ಜರಿ ನೇಯ್ದ ಹಾಗೆ ಹಿಡಿದಿತ್ತು.

ಇವತ್ತು ಆ ಜರಿ ಒಂದು ಕಡೆ ತುಂಡಾಗಿತ್ತು. ಮೂಲೆಯಲ್ಲಿ, ಬಕೆಟ್ಟಿನ ಎತ್ತರಕ್ಕೆ, ಎರಡು ಗೇಣು ಅಗಲದ ಜಾಗ ಹಾಲಿನಲ್ಲಿ ತೊಳೆದಂತೆ ಬೆಳ್ಳಗಾಗಿತ್ತು. ಉಜ್ಜಿದ ಗುರುತಿಲ್ಲ. ಎರಚಿದ ಹನಿಗಳ ಗುರುತು. ಇಲ್ಲಿ ಬಕೆಟ್ಟು ಇಟ್ಟುಕೊಂಡು, ಯಾರೋ ಬ್ಲೀಚಿನಲ್ಲಿ ಏನನ್ನೋ ರಭಸದಿಂದ ಕುಕ್ಕಿದ್ದರು.

"ನೋಡಿ ಮತ್ತೆ, ನಾನು ಕ್ಲೀನ್ ಮಾಡಲ್ಲ ಅಂತೀರ," ಆಯಾ ಬಾಗಿಲಲ್ಲಿ ನಿಂತು ಹೇಳಿದಳು.

"ನೀನು ಮಾಡಿದ್ದಾ?"

"ಇಲ್ಲ ಅನ್ನಿ."

"ಸೋಮವಾರ ಇಲ್ಲಿ ಚಿಲಕ ಹಾಕ್ಕೊಂಡು ಇದ್ದೋರು ಯಾರು?"

ಆಯಾ ಪೊರಕೆಯ ಹಿಡಿ ತಿರುವಿದಳು. "ಬಿಡಿ ಸೋಪಕ್ಕ. ಯಾಕೆ ಸುಮ್ಮನೆ."

"ಹೇಳೆ."

"ನಿಮ್ಮ ಮಗಳು. ತಾತನ್ನ ತಗೊಂಡು ಹೋದಮೇಲೆ ನಾನು ಪರದೆ ಬಿಚ್ಚಿ ಚೀಲಕ್ಕೆ ಹಾಕಿ ಹೊರಗಿಟ್ಟಿದ್ದೆ. ಆ ಚೀಲ ಎತ್ಕೊಂಡು ಒಳಗೆ ಹೋದಳು. ಅರ್ಧ ಗಂಟೆ ನಲ್ಲಿ ಬಿಟ್ಟೇ ಇತ್ತು. ಅಳ್ತಿದ್ದಾಳೆ, ಯಾರಿಗೂ ಕೇಳಬಾರದು ಅಂತ ನಲ್ಲಿ ಬಿಟ್ಕೊಂಡಿದ್ದಾಳೆ ಅಂದ್ಕೊಂಡೆ. ಅತ್ತೂ ಇರಬಹುದು."

ಸೋಪಕ್ಕ ಪ್ಲಾಸ್ಟಿಕ್ ಪರದೆಯನ್ನು ಪೂರ್ತಿ ಹರಡಿ ಬಿಟ್ಟಳು.

ಬೇರೆ ಯಾವ ನರ್ಸಾದರೂ ಲಾಂಡ್ರಿಗೆ ಬಂದು ಎರಡು ಮಾತು ಕೇಳಿ ತಿಳಿದುಕೊಂಡಿರುತ್ತಿದ್ದಳು. ಈ ಹುಡುಗಿಗೆ ಮಾತ್ರ ಲಾಂಡ್ರಿಯ ಹೊಸ್ತಿಲು ತುಳಿಯಬೇಡ ಅಂತ ಎಂಟನೇ ವಯಸ್ಸಿನಿಂದ ಹೇಳಿಕೊಂಡು ಬಂದಿದ್ದಳು ಅವಳು. 'ನೀನು ಓದು. ಈ ಹಬೆ, ಈ ಹೊಲಸು ನನ್ನ ತಲೆಗೇ ಮುಗೀಲಿ.' ಮನೆಯಲ್ಲಿ ಒಂದು ಕರ್ಚೀಫೂ ಒಗೆಸಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮೊದಲ ಪಾಠ ಸೋಪಕ್ಕನ ಮಗಳಿಗೆ ಗೊತ್ತಿರಲಿಲ್ಲ. ಒರೆಸಲು ಹೋಗಿ ಅಚ್ಚು ಹಾಕಿದ್ದಳು.

ಯಾರಿಗೋಸ್ಕರ? ಆ ಎತ್ತರದ ಮನುಷ್ಯನಿಗೋಸ್ಕರವೇ? ಲಾಂಡ್ರಿಗೆ ಹೋಗಿ ಪರದೆಯನ್ನು ಮತ್ತೆ ಕೆಂಪು ಚೀಲಕ್ಕೆ ತುಂಬಿಕೊಂಡಳು.

*

"ಕೂತ್ಕೊಳ್ಳಿ ಸೋಪಕ್ಕ."

"ನಿಂತೇ ಅಭ್ಯಾಸ ಸಾರ್."

ಏಣಿ ಡಾಕ್ಟರ ಕೋಣೆ ಸ್ವಚ್ಛವಾಗಿತ್ತು. ಕಿಟಕಿಯ ಪರದೆ ಕೂಡ. ಅದನ್ನು ತಾನೇ ಹೋದ ವಾರ ಮಡಿಚಿ ಕಳಿಸಿದ್ದು ಅವಳಿಗೆ ನೆನಪಿತ್ತು. ಗೋಡೆಯ ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು.

ಅವಳು ಚೀಲ ಬಿಚ್ಚಿ, ಅವರ ಫೈಲುಗಳ ಮೇಲೆಯೇ ಪರದೆ ಹರಡಿದಳು. ಕಂದು ಕೈ ಸರಿಯಾಗಿ ಅವರ ಎದುರಿಗೆ ಬರುವ ಹಾಗೆ.

"ನಿಮ್ಮ ಎಡಗೈ ಇದರ ಮೇಲಿಡಿ ಸಾರ್."

ಬೈಯುತ್ತಾರೆ, ಜವಾನನನ್ನು ಕರೆಯುತ್ತಾರೆ ಅಂದುಕೊಂಡಿದ್ದಳು. ಡಾಕ್ಟರು ಕನ್ನಡಕ ತೆಗೆದಿಟ್ಟು ಬಗ್ಗಿ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಚಿ, ಎಡಗೈಯನ್ನು ನಿಧಾನವಾಗಿ ಕಲೆಯ ಮೇಲಿಟ್ಟರು. ಬೆರಳಿಗೆ ಬೆರಳು ಕೂತಿತು.

"ಸರಿಹೋಯ್ತು. ಈಗ?"

"ಈಗ ಅಂದ್ರೆ? ನೀವು ಬಂದಿದ್ರಿ. ನನ್ನ ಮಗಳು ಫೋನ್ ಮಾಡಿದ್ಳು, ನೀವು ಬಂದು ನೋಡಿದ್ರಿ!"

"ಬಂದೆ. ಎರಡು ಗಂಟೆಗೆ. ಒಂದು ನಿಮಿಷ ನೋಡಿದೆ. ಥಿಯೇಟರಿನಲ್ಲಿ ಇನ್ನೊಬ್ಬ ಮಲಗಿದ್ದ, ಅವನನ್ನ ಮುಗಿಸಿ ಬರ್ತೀನಿ ಅಂದೆ."

"ಮುಗಿಸಿ ಬಂದ್ರಾ?"

"ತಡವಾಯ್ತು."

"ತಡ ಆಯ್ತು ಅಂತ ಬರೆದುಕೊಡಬಹುದಿತ್ತಲ್ಲ ಸಾರ್. ಬಂದೇ ಇಲ್ಲ ಅಂತ ಯಾಕೆ ಬರೆದ್ರಿ? ನಿಮ್ಮ ತಡಕ್ಕೆ ನನ್ನ ಮಗಳ ತಲೆ ಯಾಕೆ?"

ಡಾಕ್ಟರು ಕೈ ಹಿಂದಕ್ಕೆ ತೆಗೆದು ಕರವಸ್ತ್ರದಿಂದ ಒರೆಸಿಕೊಂಡರು. "ನಿಮ್ಮ ಮಗಳು ತಾನಾಗಿ ಒಪ್ಪಿಕೊಂಡಳು ಸೋಪಕ್ಕ. ನಾನು ಕೈ ತಿರುಚಲಿಲ್ಲ. ಒಂದು ಕಾಗದ ತೋರಿಸಿದೆ, ಅಷ್ಟೆ."

ಖಾನೆಯಿಂದ ಒಂದು ಹಾಳೆ ತೆಗೆದರು. ಅವಳ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು, ಎರಡು ಬೆರಳಿನಲ್ಲಿ ಒತ್ತಿ ಹಿಡಿದರು.

ಲ್ಯಾಬಿನ ವರದಿ. ಮೇಲೆ ಒಂದು ನಂಬರು, ನಾಲ್ಕು ನೂರ ಹದಿನಾರು. ಪಕ್ಕದಲ್ಲಿ ತಾರೀಕು, ಒಂಬತ್ತು. ಕೆಳಗೆ ಒಂದು ರೋಗಾಣುವಿನ ಉದ್ದನೆಯ ಹೆಸರು, ಅದರ ಮುಂದೆ 'ಹೇರಳ' ಅನ್ನುವ ಪದಕ್ಕೆ ಕೆಂಪು ಗೆರೆ.

"ಈ ತಿಂಗಳು ಆ ವಾರ್ಡಿನಲ್ಲಿ ಮೂರು ಗಾಯ ಕೆಟ್ಟವು. ಮೂರಕ್ಕೂ ಇದೇ ರೋಗಾಣು. ತಾತನದು ಮೂರನೇದು. ಎಲ್ಲಿಂದ ಬರ್ತಿದೆ ಅಂತ ಹುಡುಕಿಸಿದೆ. ಸಿಕ್ತು."

"ಎಲ್ಲಿಂದ?"

"ಏಳನೇ ಹಾಸಿಗೆಯ ಪರದೆಯಿಂದ."

ಸೋಪಕ್ಕ ಮೇಜಿನ ಮೇಲೆ ಹರಡಿದ್ದ ಪರದೆ ನೋಡಿದಳು.

"ಒಗೆದು, ಬಿಸಿ ನೀರಿನಲ್ಲಿ ಬೇಯಿಸಿ, ಒಣಗಿಸಿ ಹಾಕಿದ್ದೀವಿ ಅಂತ ಪರದೆಯ ಚೀಟಿ ಹೇಳತ್ತೆ. ಚೀಟಿ ಮೇಲೆ ಸಹಿ ನಿಮ್ಮದು. ಬೇಯಿಸಿದ ಬಟ್ಟೆಯಲ್ಲಿ ಇಷ್ಟೊಂದು ರೋಗಾಣು ಬದುಕಿರಲ್ಲ. ನೀವು ಒಗೆದಿದ್ರಾ ಸೋಪಕ್ಕ?"

ಒಗೆದಿರಲಿಲ್ಲ.

ಈ ತಿಂಗಳ ಮೊದಲಲ್ಲಿ ದೊಡ್ಡ ಯಂತ್ರದ ಹೀಟರು ಕೆಟ್ಟು ಎರಡು ವಾರ ನಿಂತಿತ್ತು. ದಿನಾ ಮೇಲಿನವರ ಬಾಗಿಲು ಬಡಿದಿದ್ದಳು. 'ಹೇಗೋ ಸಂಭಾಳಿಸಿ' ಅಂದಿದ್ದರು. ಚಾದರ, ದಿಂಬಿನ ಚೀಲಗಳನ್ನು ಚಿಕ್ಕ ಯಂತ್ರದಲ್ಲಿ ತಿರುವಿ ಸಂಭಾಳಿಸಿದಳು. ಪರದೆಗಳ ಸರದಿ ಬರಲಿಲ್ಲ. ಏಳನೇ ಹಾಸಿಗೆಗೆ ಒಂದು ಬೇಕೇ ಬೇಕು ಅಂತ ವಾರ್ಡಿನಿಂದ ಮೂರು ಸಲ ಫೋನು ಬಂದಾಗ, ಕೊಳೆ ರಾಶಿಯಿಂದ ಇದ್ದುದರಲ್ಲಿ ಬೆಳ್ಳಗಿದ್ದದ್ದನ್ನು ಎಳೆದು, ನೀರು ಚಿಮುಕಿಸಿ, ಗರಿಗರಿ ಇಸ್ತ್ರಿ ಮಾಡಿಸಿ, ಹೊಸ ಚೀಟಿ ಬರೆದು ಕಳಿಸಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ. ಮರುದಿನ ಮರೆತಿದ್ದಳು.

"ನೋಡಿ," ಡಾಕ್ಟರ ದನಿ ಮೆತ್ತಗಾಯಿತು. "ನಾನು ಬಂದಿದ್ದೆ ಅಂತ ಗೊತ್ತಾದ್ರೆ ತಾತ ಹೇಗೆ ಸತ್ತ ಅಂತ ಬುಡದಿಂದ ಕೆದಕ್ತಾರೆ. ಆಗ ಈ ಕಾಗದ ಹೊರಗೆ ಬರತ್ತೆ. ನಿಮ್ಮ ಕೆಲಸ ಹೋಗೋದಷ್ಟೇ ಅಲ್ಲ, ಪೊಲೀಸಿನವರು ಬರ್ತಾರೆ. ಹುಡುಗಿ 'ಮರೆತೆ' ಅಂದ್ರೆ ಎಲ್ಲ ಅಲ್ಲಿಗೇ ನಿಲ್ಲತ್ತೆ. ಅವಳಿಗಿನ್ನೂ ಚಿಕ್ಕ ವಯಸ್ಸು. ಬೇರೆ ಕೆಲಸ ಸಿಗತ್ತೆ."

"ಯಾವ ಕೆಲಸ ಸಾರ್? ಒಗೆಯೋ ಕೆಲಸನಾ?"

ಅವರು ಹಾಳೆ ಮಡಿಚಿ ಕೋಟಿನ ಒಳಜೇಬಿಗೆ ಇಳಿಬಿಟ್ಟರು.

ಸೋಪಕ್ಕ ಪರದೆಯನ್ನು ಮಡಿಚಿದಳು. ಅಭ್ಯಾಸ ಬಲ, ಮೂಲೆಗೆ ಮೂಲೆ ಕೂಡಿಸಿ, ಅಂಗೈಯಲ್ಲಿ ಒತ್ತಿ, ನೇರವಾಗಿ ಮಡಿಚಿದಳು. ಬಾಗಿಲ ಹತ್ತಿರ ತಿರುಗಿ ನಿಂತಳು.

"ತಾತ ಕೇಳಿದ್ನಾ ಸಾರ್, ಯಾವಾಗ ಬರ್ತೀರಾ ಅಂತ?"

ಡಾಕ್ಟರು ಕನ್ನಡಕ ಹಾಕಿಕೊಂಡರು. "ನಾನು ಅಷ್ಟು ಹೊತ್ತು ನಿಲ್ಲಲಿಲ್ಲ."

*

ವಿಚಾರಣೆಯ ಕೋಣೆ ಎರಡನೇ ಮಹಡಿಯಲ್ಲಿ. ಹೊರಗಿನ ಬೆಂಚಿನ ಮೇಲೆ ಮಗಳು ಮಂಡಿಗೆ ಮಂಡಿ ಒತ್ತಿಕೊಂಡು ಕೂತಿದ್ದಳು. ಅಮ್ಮನ ಕೈಯಲ್ಲಿದ್ದ ಕೆಂಪು ಚೀಲ ನೋಡಿದ್ದೇ ಅವಳ ಮುಖ ಸುಣ್ಣವಾಯಿತು.

"ಅದನ್ನ ಯಾಕೆ ತಂದೆ?"

"ಒಗೆಯೋಕೆ ಬರಲ್ಲ ಅಂದಮೇಲೆ ಯಾಕೆ ಒಗೆದೆ?"

"ಅಮ್ಮ, ಪ್ಲೀಸ್. ತಗೊಂಡು ಹೋಗಿ ಸುಟ್ಟುಹಾಕು."

"ಏಣಿ ಹತ್ರ ಹೋಗಿದ್ದೆ. ಎಲ್ಲ ಹೇಳಿದ."

ಮಗಳು ತಗ್ಗಿದ ದನಿಯಲ್ಲಿ, "ತಾತ ಸತ್ತ ಕೂಡಲೇ ಅವರು ಆ ಕಾಗದ ತೋರಿಸಿದ್ರು. ಪರದೆಯ ಚೀಟಿ ಮೇಲೆ ನಿನ್ನ ಕೈಬರಹ ಇತ್ತಮ್ಮ. ನಿನ್ನ ಆ ಸೊಟ್ಟ ಅಕ್ಷರ. ಪರದೆಯಲ್ಲೇ ರೋಗಾಣು ಇದೆ, ಇನ್ನೂ ಯಾರಾದ್ರೂ ಪರೀಕ್ಷೆ ಮಾಡಿದ್ರೆ ನಿನ್ನನ್ನ ಹಿಡೀತಾರೆ ಅಂದ್ಕೊಂಡೆ. ಬ್ಲೀಚ್ ಹಾಕಿದ್ರೆ ಎಲ್ಲ ಸಾಯತ್ತೆ ಅಂತ ಓದಿದ್ದೆ" ಅಂದಳು.

"ನಾನು ಕೇಳಿದ್ನಾ ನಿನ್ನ? ನನ್ನನ್ನ ಕಾಪಾಡು ಅಂತ ಅರ್ಜಿ ಹಾಕಿದ್ನಾ?"

"ನೀನು ನನ್ನ ಕೇಳಿ ಬೆಳೆಸಿದ್ಯಾ?"

ಸೋಪಕ್ಕ ಪಕ್ಕದಲ್ಲಿ ಕೂತಳು. ಮಗಳ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ತನ್ನ ಕೈ ಸೋಡಾ ತಿಂದು ಬಿರಿದ ಕೈ. ಮಗಳದ್ದು ನುಣುಪು ಕೈ. ಈ ನುಣುಪಿಗಾಗಿ ತಾನು ಮೂರು ಸಲ ಸೋಡಾದಲ್ಲಿ ಚರ್ಮ ಸುಲಿಸಿಕೊಂಡಿದ್ದೇನೆ ಅಂತ ಅವಳು ಯಾರಿಗೂ ಹೇಳಿರಲಿಲ್ಲ.

"ಕೇಳಿಲ್ಲಿ. ನಾನು ಅದನ್ನ ಒಗೆದಿರಲಿಲ್ಲ. ಅದು ನಿಜ. ನೀನು ಫೋನ್ ಮಾಡಿದ್ದು, ಅವನು ಬಂದದ್ದು, ಬಿಟ್ಟುಹೋದದ್ದು, ಅದೂ ನಿಜ. ಎರಡನ್ನೂ ಒಟ್ಟಿಗೆ ಹೇಳು. ನನ್ನದನ್ನ ನಾನು ತಿಂತೀನಿ. ನಿನ್ನದಲ್ಲದ್ದನ್ನ ನೀನು ತಿನ್ನಬೇಡ."

"ನಿನ್ನನ್ನ ಜೈಲಿಗೆ ಕಳಿಸೋಕೆ ನಾನು ಬಾಯಿ ಬಿಡ್ಬೇಕಾ?"

"ಜೈಲಲ್ಲೂ ಬಟ್ಟೆ ಇರತ್ತೆ ಕಣೆ. ಒಗೆಯೋರು ಬೇಕಾಗತ್ತೆ." ಅವಳು ನಗಲು ನೋಡಿದಳು. "ಮುದುಕಿಗೆ ಎಲ್ಲಾದ್ರೂ ನಡೆಯತ್ತೆ. ನೀನು 'ಮರೆತೆ' ಅಂತ ಒಂದು ಸಲ ಅಂದ್ರೆ, ಸಾಯೋವರೆಗೂ ಮರೆತೋಳೇ ಆಗ್ತೀಯ. ತಾತ ಸತ್ತದ್ದು ನಿನ್ನಿಂದ ಅಂತ ಆ ಮನೆಯವರು ದಿನಾ ಶಾಪ ಹಾಕ್ತಾರೆ. ಅದನ್ನ ಹೊರ್ತೀಯಾ?"

ಮಗಳ ಕಣ್ಣು ತುಂಬಿತು. "ನಾನು ಮೂರು ಸಲ ಫೋನ್ ಮಾಡಿದೆ ಅಮ್ಮ. ಮೂರು ಸಲ."

"ಹಾಗಂತ ಒಳಗೆ ಹೇಳು. ನನಗಲ್ಲ."

ಅಷ್ಟರಲ್ಲಿ ಏಣಿ ಡಾಕ್ಟರು ಬಂದರು. ಇಬ್ಬರನ್ನೂ ನೋಡಿ ತಲೆಯಾಡಿಸಿ, ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಹೋದರು. ಕೋಟಿನ ಜೇಬಿನ ಹತ್ತಿರ ಹಾಳೆಯ ಮಡಿಕೆ ಉಬ್ಬಿ ಕಾಣುತ್ತಿತ್ತು.

"ಅವನು ಕಾಗದ ತೋರಿಸಿ ಹೆದರಿಸ್ತಾನೆ. ಅವನಿಗೆ ಆ ಅವಕಾಶ ಕೊಡ್ಬೇಡ. ನೀನೇ ಮೊದಲು ಆ ಕಾಗದ ಕೇಳು. ನಮಗೆ ಹೆದರಿಕೆ ಇಲ್ಲ ಅಂತ ಗೊತ್ತಾಗಲಿ."

"ನರ್ಸಮ್ಮ, ಬನ್ನಿ," ಜವಾನ ಕೂಗಿದ.

ಮಗಳು ಎದ್ದಳು. ಒಂದು ಹೆಜ್ಜೆ ಇಟ್ಟವಳು ಹಿಂತಿರುಗಿ ಬಂದು ಕೆಂಪು ಚೀಲ ಎತ್ತಿಕೊಂಡಳು.

ಬಾಗಿಲು ಮುಚ್ಚಿತು. ಸೋಮವಾರದಿಂದ ಸೋಪಕ್ಕನ ಎದೆಯ ಮೇಲೆ ಕೂತಿದ್ದ ಬಂಡೆ ಒಂದಿಷ್ಟು ಸರಿದಂತಾಯಿತು. ತನ್ನ ಕೆಲಸ ಹೋಯಿತು, ಮಾನ ಹೋಯಿತು, ಆದರೆ ಹುಡುಗಿ ತಲೆಯೆತ್ತಿ ಒಳಗೆ ಹೋಗಿದ್ದಳು.

*

ಖಾಲಿ ಬೆಂಚಿನ ಮೇಲೆ ಕೂತಿದ್ದವಳಿಗೆ ಏನೋ ಚುಚ್ಚತೊಡಗಿತು. ಅಂಗಿಯೊಳಗೆ ಉಳಿದ ಗುಂಡುಪಿನ್ನಿನ ಹಾಗೆ. ಇದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ.

ತಾರೀಕು.

ವರದಿಯ ತಾರೀಕು ಒಂಬತ್ತು. ಅವಳು ಚೀಟಿ ಬರೆದು ಪರದೆ ಕಳಿಸಿದ್ದು ಹನ್ನೆರಡಕ್ಕೆ. ಒಂಬತ್ತನೇ ತಾರೀಕು ಆ ಪರದೆ ಲಾಂಡ್ರಿಯ ಮೂಲೆಯಲ್ಲಿ, ಕೊಳೆ ರಾಶಿಯ ತಳದಲ್ಲಿ ಬಿದ್ದಿತ್ತು. ಆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. ಲ್ಯಾಬಿನವರು ಯಾರೂ ಅದನ್ನು ಮುಟ್ಟಿರಲು ಸಾಧ್ಯವೇ ಇರಲಿಲ್ಲ.

ವರದಿ ಆ ಪರದೆಯದ್ದಲ್ಲ!

ಸುಳ್ಳ. ಯಾವುದೋ ಕಾಗದ ತೋರಿಸಿ ತಾಯಿ ಮಗಳಿಬ್ಬರನ್ನೂ ಆಡಿಸಿದ್ದ. ಸೋಪಕ್ಕ ಸೆರಗು ಸಿಕ್ಕಿಸಿ ಎದ್ದಳು. ಲ್ಯಾಬು ಅದೇ ಮಹಡಿಯ ಕೊನೆಯಲ್ಲಿತ್ತು. ನಂಬರು ನೆನಪಿತ್ತು, ಬಟ್ಟೆಯ ನಂಬರು ನೆನಪಿಟ್ಟುಕೊಂಡೇ ಹೊಟ್ಟೆ ಹೊರೆದವಳು. ನಂಬರಿನ ಎದುರು ಏನಿದೆ ಅಂತ ಲ್ಯಾಬಿನಿಂದ ಒಂದು ಸಾಲು ಬರೆಸಿಕೊಂಡು ಬಂದರೆ, ಆ ಏಣಿಯನ್ನು ಬುಡಸಮೇತ ಉರುಳಿಸಬಹುದು.

ಲ್ಯಾಬಿನಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳೇ ಇದ್ದಳು. ಅವಳ ಬಿಳಿ ಕೋಟುಗಳೂ ಸೋಪಕ್ಕನ ಕೈಯಲ್ಲೇ ಒಗೆಸಿಕೊಳ್ಳುತ್ತಿದ್ದವು.

"ನಾಲ್ಕು ನೂರ ಹದಿನಾರು. ಒಂಬತ್ತನೇ ತಾರೀಕಿಂದು. ಅದು ಯಾವ ಬಟ್ಟೆ ನೋಡಿ ಹೇಳಮ್ಮ. ಬೇಗ."

"ಒಂಬತ್ತಕ್ಕಾ?" ಲ್ಯಾಬಿನವಳು ಪುಸ್ತಕ ತೆಗೆಯುತ್ತಾ ಹೇಳಿದಳು, "ಅವತ್ತು ಬಟ್ಟೆ ಯಾವುದೂ ಇರಲಿಲ್ಲ ಸೋಪಕ್ಕ. ವಾರ್ಡಿನ ಸಿಬ್ಬಂದಿಯ ಕೈ ನೋಡಿದ್ವಿ. ಡಾಕ್ಟರು, ನರ್ಸು, ಆಯಾ, ಎಲ್ಲರ ಕೈ ಮೇಲೂ ಹತ್ತಿಕಡ್ಡಿ ಆಡಿಸಿ ತಂದಿದ್ವಿ. ವರದಿಯಲ್ಲಿ ನಂಬರು ಮಾತ್ರ ಇರತ್ತೆ, ಹೆಸರು ಈ ಪುಸ್ತಕದಲ್ಲಿ."

"ಹಾಗಾದ್ರೆ ಪರದೆ?"

"ಪರದೆ ಪರೀಕ್ಷೆಗೆ ಬಂದೇ ಇಲ್ಲ."

ಸೋಪಕ್ಕನಿಗೆ ಉಸಿರು ಸರಾಗವಾಯಿತು. ಯಾರದ್ದೋ ಕೈ. ಆ ಎತ್ತರದ ಮನುಷ್ಯನದ್ದೇ ಯಾಕಾಗಿರಬಾರದು? "ಆ ಹೆಸರು ಒಂದು ಚೀಟೀಲಿ ಬರೆದುಕೊಡು. ನಿನಗೆ ಪುಣ್ಯ ಬರತ್ತೆ."

ಲ್ಯಾಬಿನವಳು ಬೆರಳನ್ನು ಸಾಲಿನ ಉದ್ದಕ್ಕೂ ಎಳೆದಳು. ಬೆರಳು ನಿಂತಿತು. ಕನ್ನಡಕದ ಮೇಲಿಂದ ಸೋಪಕ್ಕನನ್ನು ನೋಡಿದಳು, ಮತ್ತೆ ಪುಸ್ತಕ ನೋಡಿದಳು.

"ನಿಮಗೆ ಹೇಳಿರ್ಬೇಕಲ್ಲ ಅವಳು?"

"ಯಾರು?"

"ನಿಮ್ಮ ಮಗಳು. ಅವಳ ಕೈಯದ್ದು ಇದು."

ಸೋಪಕ್ಕ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

"ಅವಳ ತಪ್ಪು ಅಂತಲ್ಲ," ಲ್ಯಾಬಿನವಳು ಗಾಬರಿಯಿಂದ ಮಾತು ಸೇರಿಸಿದಳು. "ಕೆಲವರ ಚರ್ಮದಲ್ಲಿ ಸುಮ್ಮನೆ ಕೂತಿರತ್ತೆ, ಅವರಿಗೆ ಏನೂ ಆಗಲ್ಲ, ಗೊತ್ತೂ ಆಗಲ್ಲ. ಗಾಯ ಮುಟ್ಟಿದ್ರೆ ಮಾತ್ರ ಕಷ್ಟ. ಹತ್ತು ದಿನ ರಜೆ, ಒಂದು ಮುಲಾಮು, ಮುಗೀತು. ಅವತ್ತೇ ಹೇಳೋಣ ಅಂತಿದ್ದೆ. ಏಣಿ ಡಾಕ್ಟರು ಬಂದು ಪುಸ್ತಕ ನೋಡಿ, ನಾನೇ ತಿಳಿಸ್ತೀನಿ, ವಾರ್ಡಿನಲ್ಲಿ ಜನ ಕಮ್ಮಿ ಇದ್ದಾರೆ ಅಂತ ವರದಿ ತಗೊಂಡು ಹೋದರು. ತಿಳಿಸಿಲ್ವಾ?"

ಹತ್ತು ದಿನ. ಹತ್ತು ದಿನ ಆ ನುಣುಪು ಕೈ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಗಾಯಗಳ ಪಟ್ಟಿ ಬದಲಿಸಿತ್ತು. ತಾತನ ಗಾಯದ್ದೂ.

ಮಗಳಿಗೆ ಗೊತ್ತಿಲ್ಲ. ನಂಬರು ನೋಡಿ ಪರದೆ ಅಂದುಕೊಂಡಿದ್ದಾಳೆ. ಅಮ್ಮನ ತಪ್ಪು ಅಂದುಕೊಂಡಿದ್ದಾಳೆ.

ಸೋಪಕ್ಕ ಓಡಿದಳು. ಐವತ್ತಾರು ವರ್ಷದ ಮಂಡಿಗಳು ಓಡುವುದನ್ನು ಮರೆತು ಯಾವ ಕಾಲವಾಗಿತ್ತೋ. ಮೊಗಸಾಲೆಯಲ್ಲಿ ಒಬ್ಬ ರೋಗಿಯ ಗಾಲಿಕುರ್ಚಿಗೆ ಡಿಕ್ಕಿ ಹೊಡೆದು, ಗೋಡೆ ಹಿಡಿದು, ಮತ್ತೆ ಓಡಿದಳು.

ಜವಾನ ಸ್ಟೂಲಿನಿಂದೆದ್ದು ಬಾಗಿಲಿಗೆ ಅಡ್ಡ ನಿಂತ. "ಬಿಡೋ ಹಾಗಿಲ್ಲ ಸೋಪಕ್ಕ. ಕರೆದಾಗ ಬನ್ನಿ."

"ಒಂದು ಮಾತು ಕಣಪ್ಪ. ನನ್ನ ಮಗಳಿಗೆ ಒಂದೇ ಒಂದು ಮಾತು."

"ಈಗ ಚೆನ್ನಾಗಿ ಮಾತಾಡ್ತಿದ್ದಾಳೆ, ಕೇಳಿ. ಇಷ್ಟು ದಿನ ಬಾಯಿಲ್ಲ ಅಂದ್ಕೊಂಡಿದ್ದೆ."

ಬಾಗಿಲಿನ ಆಚೆಯಿಂದ ಮಗಳ ದನಿ ಬಂತು. ನಡುಕವಿಲ್ಲದ, ಸ್ಪಷ್ಟವಾದ ದನಿ.

"ಇದು ಡಾಕ್ಟರ ಕೈಗುರುತು ಸಾರ್. ಅವರು ಬಂದಿದ್ದರು. ಇನ್ನು, ಅವರ ಜೇಬಿನಲ್ಲಿ ಒಂದು ಲ್ಯಾಬಿನ ಕಾಗದ ಇದೆ. ಅದನ್ನ ತೋರಿಸಿ ನನ್ನ ಬಾಯಿ ಮುಚ್ಚಿಸಿದ್ರು. ಈಗ ನನಗೆ ಹೆದರಿಕೆ ಇಲ್ಲ. ಲ್ಯಾಬಿನವರನ್ನೂ ಕರೆಸಿ. ಆ ನಂಬರು ಯಾವುದು ಅಂತ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ."